ಒಂದೇ ಸೀಮೆ, ಹಲವು ಶೋಧ

ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಯಾರಿಗೆ ತಿಳಿಯದು? ಹುಡುಗನು ಯಾವ ದಾರಿ ಹಿಡಿಯಬೇಕು, ಹುಡುಗಿಗೆ ಯಾವ ಕಾಲೇಜು ಒಪ್ಪೀತು ಎಂದು ತಂದೆತಾಯಿಗಳು, ಸೋದರಮಾವಂದಿರು, ನೆರೆಮನೆಯ ಹಿರಿಯರು ಒಟ್ಟಾಗಿ ಕುಳಿತು ತೀರ್ಮಾನಿಸುತ್ತಾರೆ. ವೈದ್ಯವಿದ್ಯೆ, ಇಂಜಿನಿಯರಿಂಗ್ - ಇವೆರಡನ್ನು ದಾಟಿ ಮಾತು ಮುಂದಕ್ಕೆ ಹೋಗುವುದು ಅಪರೂಪ. ಯಾರಾದರೊಬ್ಬರು 'ಸಂಶೋಧನೆ' ಎಂಬ ಮಾತನ್ನೆತ್ತಿದರೆ, ಬಿಳಿಯ ನಿಲುವಂಗಿ ತೊಟ್ಟು ಗಾಜಿನ ನಳಿಗೆಯನ್ನು ದಿಟ್ಟಿಸುತ್ತಿರುವ ವಿಜ್ಞಾನಿಯ ಚಿತ್ರವೊಂದೇ ಎಲ್ಲರ ಕಣ್ಣೆದುರು ನಿಲ್ಲುತ್ತದೆ. ಹಳೆಯ ಶಾಸನವನ್ನು ಓದುವವನೂ, ಹಟ್ಟಿಯ ಅಜ್ಜಿಯ ಹಾಡನ್ನು ಬರೆದುಕೊಳ್ಳುವವನೂ ಸಂಶೋಧಕರೇ ಎಂದರೆ, "ಅದರಿಂದೇನು ಪ್ರಯೋಜನ?" ಎಂಬ ಪ್ರಶ್ನೆ ಥಟ್ಟನೆ ಹೊರಬೀಳುತ್ತದೆ.

ಈ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಆದರೆ ಇದಕ್ಕೆ ಮನೆಯಲ್ಲಿ ಕುಳಿತು ಉತ್ತರ ಹೇಳುವುದು ಕಷ್ಟ. ಅದಕ್ಕಾಗಿ ಒಂದು ಸೀಮೆಯನ್ನು ಆರಿಸಿಕೊಂಡು, ಅಲ್ಲಿ ಯಾವ ಯಾವ ವಿದ್ಯೆಯವರು ಏನೇನು ಹುಡುಕಿದರು, ಒಬ್ಬರ ಹುಡುಕಾಟದಿಂದ ಇನ್ನೊಬ್ಬರಿಗೆ ಏನು ದೊರೆಯಿತು ಎಂಬುದನ್ನು ನೋಡುವುದೇ ಉತ್ತಮ. ಅಂಥ ಸೀಮೆಗಳಲ್ಲಿ ಚಿತ್ರದುರ್ಗಕ್ಕೆ ಸಾಟಿಯಾದುದು ನಮ್ಮ ನಾಡಿನಲ್ಲಿ ವಿರಳ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರು ದಾಟಿತೆಂದರೆ ಪ್ರಯಾಣಿಕನು ಕಿಟಕಿಯ ಪರದೆಯನ್ನು ಎಳೆದು ನಿದ್ರೆಗೆ ಸಿದ್ಧನಾಗುತ್ತಾನೆ. ಬಿಸಿಲು, ಜಾಲಿ, ಕಲ್ಲುಗುಡ್ಡ, ಇಲ್ಲಿ ನೋಡುವುದಕ್ಕೇನಿದೆ? ಆದರೆ ಅವನು ನಿದ್ರಿಸುತ್ತಿರುವಾಗ ಅವನ ಬಸ್ಸು ಒಂದು ಪುರಾತನ ಸಮುದ್ರದ ತಳವನ್ನು ಹಾದುಹೋಗುತ್ತಿರುತ್ತದೆ!

ಬೆಂಕಿ ನೀರಿಗೆ ಬಿದ್ದ ಗುರುತು

ಇದು ಕವಿಯ ಕಲ್ಪನೆಯಲ್ಲ. ಚಿತ್ರದುರ್ಗಕ್ಕೆ ಆಗ್ನೇಯದಲ್ಲಿ, ಐಮಂಗಲದ ಕಡೆಗಿರುವ ಮರಡಿಹಳ್ಳಿಯ ಬಳಿ, ದಿಂಬುಗಳನ್ನು ಒಂದರ ಮೇಲೊಂದು ಅಟ್ಟಿ ಇಟ್ಟಂತೆ ಕಾಣುವ ಕಪ್ಪು-ಹಸಿರು ಬಂಡೆಗಳಿವೆ. ಭೂವಿಜ್ಞಾನಿಗಳು ಇದಕ್ಕೆ ದಿಂಬುಶಿಲೆಯೆಂದೇ ಹೆಸರಿಟ್ಟಿದ್ದಾರೆ. ನೆಲದೊಳಗಿನ ಕರಗಿದ ಶಿಲಾರಸವು ನೀರಿನ ಅಡಿಯಲ್ಲಿ ಹೊರಚಿಮ್ಮಿದರೆ, ಅದರ ಹೊರಮೈ ತಣ್ಣೀರಿಗೆ ಸೋಕಿ ಕೂಡಲೇ ಗಟ್ಟಿಯಾಗುತ್ತದೆ. ಒಳಗಿನ ರಸ ಇನ್ನೂ ಬಿಸಿಯಾಗಿದ್ದು ಚೀಲದಂತೆ ಉಬ್ಬುತ್ತದೆ. ಅದರ ಮೇಲೆ ಇನ್ನೊಂದು ಚೀಲ, ಅದರ ಮೇಲೆ ಮತ್ತೊಂದು. ಮೇಲೆ ಕೂತ ದಿಂಬಿನ ತಳವು ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿಯುತ್ತದಾದ್ದರಿಂದ, ಅದರ ನೆತ್ತಿ ಗುಂಡಗೂ ತಳ ಚೂಪಗೂ ಆಗಿರುತ್ತದೆ. ಆದುದರಿಂದಲೇ ಬಂಡೆ ಎಷ್ಟೇ ಓರೆಯಾಗಿ ನಿಂತಿದ್ದರೂ, ಅಂದು ಮೇಲಾವುದು ಕೆಳಗಾವುದು ಎಂಬುದನ್ನು ಬಲ್ಲವರು ಹೇಳಬಲ್ಲರು. ಇಂದಿಗೂ ಸಾಗರದ ತಳದಲ್ಲಿ ಜ್ವಾಲಾಮುಖಿಗಳು ಇಂಥವೇ ದಿಂಬುಗಳನ್ನು ಕಟ್ಟುತ್ತಿವೆ. ಮರಡಿಹಳ್ಳಿಯವು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಗದಗಿನಿಂದ ದಕ್ಷಿಣಕ್ಕೆ ಶ್ರೀರಂಗಪಟ್ಟಣದ ದಿಕ್ಕಿಗೆ ಹಬ್ಬಿರುವ ಪದರಶಿಲೆಗಳ ಉದ್ದನೆಯ ಪಟ್ಟಿಯೊಂದಕ್ಕೆ ವಿಜ್ಞಾನಲೋಕದಲ್ಲಿ ಚಿತ್ರದುರ್ಗದ ಹೆಸರೇ ಸಂದಿದೆ. ಈ ಪಟ್ಟಿಯ ಸುಣ್ಣಕಲ್ಲಿನಲ್ಲಿ ಈರುಳ್ಳಿಯ ಪೊರೆಗಳಂತೆ ಪದರುಪದರಾದ ಗುಬುಟುಗಳು ದೊರೆತಿವೆ. ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪಾಚಿಯಂತೆ ಹರಡಿ, ಕೆಸರಿನ ಕಣಗಳನ್ನು ಹಿಡಿದು ಹಿಡಿದು ಕಟ್ಟಿದ ಮನೆಗಳಿವು. ಮೀನಿಲ್ಲದ, ಮರವಿಲ್ಲದ, ಹುಲ್ಲೂ ಇಲ್ಲದ ಕಾಲದಲ್ಲಿ ಈ ಸೀಮೆಯಲ್ಲಿ ಜೀವವಿತ್ತೆಂಬುದಕ್ಕೆ ಇವೇ ಸಾಕ್ಷಿ.

ಇನ್ನು ಹೊಳಲ್ಕೆರೆ ತಾಲ್ಲೂಕಿನ ಘಟ್ಟಿಹೊಸಹಳ್ಳಿಯ ಹೆಸರನ್ನು ಬೆಂಗಳೂರಿನ ಎಷ್ಟು ಮಂದಿ ಕೇಳಿದ್ದಾರೋ ತಿಳಿಯದು. ಭೂಮಿಯ ಬಾಲ್ಯವನ್ನು ಅಭ್ಯಸಿಸುವ ವಿದ್ವಾಂಸರಿಗೆ ಮಾತ್ರ ಅದು ಚಿರಪರಿಚಿತ. ಅಲ್ಲಿಯ ಶಿಲೆಗಳು 300 ಕೋಟಿ ವರ್ಷಗಳಿಗೂ ಹಿಂದಿನವು. ಕ್ರೋಮಿಯಂ ಬೆರೆತ ಅಭ್ರಕದಿಂದ ಹಸಿರು ಬಣ್ಣ ತಾಳಿದ ಬಿಳಿಗಲ್ಲು ಅಲ್ಲಿದೆ. ದಕ್ಷಿಣ ಆಫ್ರಿಕದ ಕೊಮಾಟಿ ನದಿಯ ದಂಡೆಯಲ್ಲಿ 1969ರಲ್ಲಿ ಗುರುತಿಸಿದ ಅತಿ ಉಷ್ಣದ ಲಾವಾಶಿಲೆಯ ಬಂಧುಗಳೂ ಅಲ್ಲಿವೆ. ಭೂಮಿಯ ಒಡಲು ಈಗಿರುವುದಕ್ಕಿಂತ ಬಹಳ ಬಿಸಿಯಾಗಿದ್ದ ಕಾಲದಲ್ಲಿ ಮಾತ್ರ ಇಂಥ ಶಿಲೆ ಹೇರಳವಾಗಿ ಹುಟ್ಟಲು ಸಾಧ್ಯ.

ಅದೇ ತಾಲ್ಲೂಕಿನ ತಾಳ್ಯದ ಬಳಿ, ಉರುಟು ಕಲ್ಲುಗಳನ್ನು ಗಾರೆಯಲ್ಲಿ ಹುದುಗಿಸಿದಂತಿರುವ ಬೆಣಚುಬಂಡೆಯೊಂದುಂಟು. ಇಂಥ ಬಂಡೆಗಳು ಹೊಳೆಯ ನೀರು ತಂದು ಹಾಕಿದವೋ, ಅಥವಾ ನೆಲದೊಳಗಿನ ಒತ್ತಡಕ್ಕೆ ಸಿಕ್ಕಿ ಪುಡಿಯಾಗಿ ಹಾಗೆ ಕಾಣುತ್ತಿವೆಯೋ ಎಂದು ಮೈಸೂರಿನ ಭೂವಿಜ್ಞಾನಿಗಳಲ್ಲಿ ದೀರ್ಘಕಾಲ ವಾದ ನಡೆಯಿತು. ಮೈಸೂರು ಭೂಗರ್ಭ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್ ಅವರು ಧಾರವಾಡ ಶಿಲೆಗಳೆಲ್ಲ ಅಗ್ನಿಯಿಂದ ಹುಟ್ಟಿದವೆಂದು ಪ್ರತಿಪಾದಿಸಿದ್ದರು. ಅನಂತರ ಬಂದವರು ಬಂಡೆಗಳನ್ನೇ ಮತ್ತೆ ಮತ್ತೆ ಪ್ರಶ್ನಿಸಿ, ಅವುಗಳಲ್ಲಿ ಬಹುಭಾಗ ನೀರಿನ ಕೆಲಸವೆಂದು ತೋರಿಸಿಕೊಟ್ಟರು. ಮೇಲಧಿಕಾರಿಯ ಮಾತಿಗಿಂತ ಕಲ್ಲಿನ ಮಾತು ದೊಡ್ಡದು! ಸಂಶೋಧನೆಯ ಮೊದಲನೆಯ ಧರ್ಮ ಇದೇ.

ಒಂದು ಬೆಳ್ಳಿಯ ನಾಣ್ಯ, ಮೂರು ಸಾಲಿನ ಶಾಸನ

ಬಂಡೆಯನ್ನು ಭೂವಿಜ್ಞಾನಿ ಓದುವುದು ಒಂದು ಬಗೆ. ಅದೇ ಬಂಡೆಯ ಮೇಲೆ ಮನುಷ್ಯನು ಕೊರೆದುದನ್ನು ಓದುವುದು ಇನ್ನೊಂದು ಬಗೆ. ಚಿತ್ರದುರ್ಗದ ಕೋಟೆಯ ಮಗ್ಗುಲಿನಲ್ಲಿರುವ ಚಂದ್ರವಳ್ಳಿಯ ಕಣಿವೆಯಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿ ಉತ್ಖನನ ನಡೆಸಿದರು. ಅಲ್ಲಿಯ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಶಾಸನವನ್ನು ಬೆಳಕಿಗೆ ತಂದವರೂ ಅವರೇ. ಅದು ಪ್ರಾಕೃತ ಭಾಷೆಯ ಮೂರು ಸಾಲಿನ ಬರಹ. ಕೆರೆಯೊಂದರ ವಿಚಾರವನ್ನು ಹೇಳುತ್ತದೆ. ಮಯೂರಶರ್ಮನು ಗೆದ್ದ ನಾಡುಗಳೆಂದು ಕೃಷ್ಣ ಅವರು ಓದಿದ ಹೆಸರುಗಳ ದೀರ್ಘ ಪಟ್ಟಿಯನ್ನು ಮುಂದಿನ ವಿದ್ವಾಂಸರು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಸವೆದ ಅಕ್ಷರಗಳನ್ನು ಬೇರೆ ರೀತಿಯಲ್ಲಿ ಓದಿದವರೂ ಉಂಟು. ಹದಿನಾರು ನೂರು ವರ್ಷಗಳಷ್ಟು ಹಳೆಯ ಮೂರು ಸಾಲಿಗಾಗಿ ಇಂದಿಗೂ ಚರ್ಚೆ ನಡೆಯುತ್ತಿದೆಯೆಂದರೆ ಅದನ್ನು ಹಟವೆನ್ನಬಾರದು. ಒಂದು ರಾಜ್ಯದ ಎಲ್ಲೆಯೇ ಆ ಅಕ್ಷರಗಳ ಮೇಲೆ ನಿಂತಿದೆ.

ಚಂದ್ರವಳ್ಳಿಯ ಮಣ್ಣಿನಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಅವರ ಬೆಳ್ಳಿಯ ನಾಣ್ಯಗಳೂ ದೊರೆತುವು. ದುರ್ಗದ ಕಣಿವೆಗೆ ರೋಮಿನ ನಾಣ್ಯ! ಪಶ್ಚಿಮ ಸಮುದ್ರದ ವ್ಯಾಪಾರ ಒಳನಾಡಿನ ಈ ಮೂಲೆಯನ್ನು ಮುಟ್ಟಿತ್ತೆಂಬುದು ಇದರಿಂದ ಸಿದ್ಧವಾಯಿತು. ಅಷ್ಟೇ ಅಲ್ಲ, ಚಕ್ರವರ್ತಿಯ ಕಾಲ ಗೊತ್ತಿರುವುದರಿಂದ, ಆ ನಾಣ್ಯ ಸಿಕ್ಕ ಪದರಿನ ಮಡಕೆ ಚೂರುಗಳ ಕಾಲವನ್ನೂ ಊಹಿಸಲು ಸಾಧ್ಯವಾಯಿತು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಂದ್ರವಳ್ಳಿಯಲ್ಲಿಯೂ, ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆತ ನಡೆಸಿದಾಗ ಅವಲಂಬಿಸಿದ್ದು ಈ ತರ್ಕವನ್ನೇ. ಬ್ರಹ್ಮಗಿರಿಯಲ್ಲಿ ಕಲ್ಲುಕೊಡಲಿಯ ಜನ, ಅವರ ಬಳಿಕ ದೊಡ್ಡ ಕಲ್ಲುಗೋರಿಗಳ ಜನ, ಕೊನೆಗೆ ಶಾತವಾಹನರ ಕಾಲದವರು - ಹೀಗೆ ಮೂರು ಸಂಸ್ಕೃತಿಗಳ ಅನುಕ್ರಮವನ್ನು ಅವರು ಗುರುತಿಸಿದರು. ದಕ್ಷಿಣ ಭಾರತದ ಪೂರ್ವೇತಿಹಾಸಕ್ಕೆ ಒಂದು ಏಣಿಯೇ ದೊರೆತಂತಾಯಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕಲ್ಲುಕೊಡಲಿಯ ಜನರ ಆರಂಭವನ್ನು ವ್ಹೀಲರ್ ಅವರು ಕ್ರಿಸ್ತಪೂರ್ವ ಒಂದು ಸಾವಿರದ ಆಸುಪಾಸಿಗೆ ಇಟ್ಟಿದ್ದರು. 1949ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ವಿಲ್ಲರ್ಡ್ ಲಿಬ್ಬಿ ಅವರು ಇಂಗಾಲದ ವಿಕಿರಣದಿಂದ ಇದ್ದಿಲು, ಮೂಳೆಗಳ ವಯಸ್ಸನ್ನು ಅಳೆಯುವ ವಿಧಾನವನ್ನು ಕಂಡುಹಿಡಿದರು. ದಕ್ಷಿಣದ ಇದೇ ಬಗೆಯ ನೆಲೆಗಳಲ್ಲಿ ಸಿಕ್ಕ ಇದ್ದಿಲನ್ನು ಆ ವಿಧಾನದಿಂದ ಪರೀಕ್ಷಿಸಿದಾಗ, ಆ ಸಂಸ್ಕೃತಿ ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದೆಂದು ತಿಳಿದುಬಂತು. ಪ್ರಯೋಗಶಾಲೆಯ ವಿದ್ಯೆ ಚರಿತ್ರೆಯ ಲೆಕ್ಕವನ್ನು ತಿದ್ದಿತು.

ಇದಕ್ಕೆ ಸರಿಸಾಟಿಯಾದ ಇನ್ನೊಂದು ಸಂಗತಿಯೂ ಉಂಟು. ಬ್ರಹ್ಮಗಿರಿಯ ಸುತ್ತ ಅಶೋಕನ ಶಾಸನಗಳನ್ನು 1892ರಲ್ಲಿ ಕಂಡುಹಿಡಿದವರು ಬಿ. ಎಲ್. ರೈಸ್. ಅಲ್ಲಿ ಇಸಿಲ ಎಂಬ ಊರಿನ ಹೆಸರಿದೆ. ಬರೆದ ಲಿಪಿಕಾರ ಚಪಡನು ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ತನ್ನ ವೃತ್ತಿಯನ್ನು ನಮೂದಿಸಿದ್ದಾನೆ. ಆದರೆ ರಾಜನ ಸ್ವಂತ ಹೆಸರಿಲ್ಲ. 'ದೇವಾನಂಪಿಯ' ಎಂಬ ಬಿರುದು ಮಾತ್ರ ಇದೆ. ಆ ದೇವಾನಂಪಿಯನು ಅಶೋಕನೇ ಎಂಬುದನ್ನು ಶಾಸನದ ಮಾತಿನಿಂದಲೇ ಸ್ಥಿರಪಡಿಸಿದ್ದು ರಾಯಚೂರು ಸೀಮೆಯ ಮಸ್ಕಿಯ ಬಂಡೆ. ಅದನ್ನು 1915ರಲ್ಲಿ ಕಂಡವರು ಚರಿತ್ರಕಾರರಲ್ಲ, ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಗಣಿ ಇಂಜಿನಿಯರ್ ಬೀಡನ್! ಚಿನ್ನವನ್ನು ಅರಸಿ ಹೊರಟವರು ಚರಿತ್ರೆಗೆ ಚಕ್ರವರ್ತಿಯ ಹೆಸರನ್ನು ತಂದುಕೊಟ್ಟರು.

ಓಲೆ, ಕಡತ, ಕಾದಂಬರಿ

ಕೋಟೆಯೆಂದೊಡನೆ ನಮ್ಮ ಮನೆಗಳ ಮಕ್ಕಳಿಗೂ ಒನಕೆ ಓಬವ್ವ ನೆನಪಾಗುತ್ತಾಳೆ. 1779ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದು ಕೊನೆಯ ಮದಕರಿನಾಯಕನನ್ನು ಸೆರೆಯೊಯ್ದನೆಂಬುದು ಚರಿತ್ರೆ. ಆದರೆ ಪಾಳೆಯಗಾರರ ಎರಡು ಶತಮಾನಗಳ ಆಳ್ವಿಕೆಯನ್ನು ಮತ್ತೆ ಕಟ್ಟಿ ನಿಲ್ಲಿಸುವುದು ಸುಲಭದ ಮಾತಲ್ಲ. ಊರೂರಿನ ಕೈಫಿಯತ್ತುಗಳು, ಮಠಗಳ ಕಡತಗಳು, ಮರಾಠಿ ಮತ್ತು ಪಾರ್ಸಿ ದಾಖಲೆಗಳು, ದೇವಾಲಯದ ಕಂಬದ ಮೇಲಿನ ನಾಲ್ಕು ಅಕ್ಷರ, ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸಿ ನೋಡಬೇಕು. ಎಂ. ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಬರೆದರು. ದುರ್ಗದಲ್ಲಿಯೇ ಇದ್ದ ಹುಲ್ಲೂರು ಶ್ರೀನಿವಾಸ ಜೋಯಿಸರು ಓಲೆಗರಿ, ಕಾಗದಪತ್ರ, ಹಳೆಯ ವಸ್ತುಗಳನ್ನು ಕೂಡಿಹಾಕಿ ಜೀವಮಾನವನ್ನೇ ಅದಕ್ಕೆ ಮೀಸಲಿಟ್ಟರು. ವಿಶ್ವವಿದ್ಯಾನಿಲಯದ ಪೀಠದಲ್ಲಿ ಕುಳಿತವರಿಗಷ್ಟೇ ಸಂಶೋಧನೆ ಮೀಸಲಲ್ಲ ಎಂಬುದಕ್ಕೆ ಜೋಯಿಸರಂಥವರೇ ನಿದರ್ಶನ.

ಈ ಶ್ರಮದ ಫಲವನ್ನು ಕಥೆಗಳನ್ನು ಓದುವ ಮನೆಗಳೆಲ್ಲ ಉಂಡಿವೆ. ತ. ರಾ. ಸುಬ್ಬರಾಯರ ದುರ್ಗದ ಕಾದಂಬರಿಗಳನ್ನು ಊಟ ಮರೆತು ಓದಿದ ಗೃಹಿಣಿಯರು ಎಷ್ಟು ಮಂದಿಯಿಲ್ಲ? ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಆ ಲೇಖಕರ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕಾದಂಬರಿಕಾರನ ಕಲ್ಪನೆ ನೆಲದ ಮೇಲೆ ನಿಲ್ಲಬೇಕಾದರೆ ಕಡತದ ಧೂಳನ್ನು ಕೊಡವಿದವನೊಬ್ಬನು ಎಲ್ಲಿಯೋ ಇರಲೇಬೇಕು.

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯೊಂದಿದೆ. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಛಾವಣಿಯಲ್ಲಿ ಪುರಾಣಕಥೆಗಳ ವರ್ಣಚಿತ್ರಗಳಿವೆ. ಕಲೆಯ ಇತಿಹಾಸವನ್ನು ಬರೆಯುವವನಿಗೆ ಇವು ಗ್ರಂಥಗಳಿದ್ದಂತೆ. ಆದರೆ ಹೊಯ್ಸಳ ಶಿಲ್ಪಿಗಳ ಉಳಿ ಅಷ್ಟು ಸೂಕ್ಷ್ಮವಾಗಿ ಆಡಿದ್ದು ಹೇಗೆ ಎಂದು ಕೇಳಿದರೆ ಉತ್ತರ ಹೇಳುವವನು ಭೂವಿಜ್ಞಾನಿ: ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಬಳಿಕ ಗಟ್ಟಿ. ಅಂಥ ಕಲ್ಲು ದೊರೆಯುವುದು, ನಾವು ಮೇಲೆ ಕಂಡ ಪದರಶಿಲೆಯ ಪಟ್ಟಿಗಳಲ್ಲಿಯೇ. ಅದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾದ 'ಶಿವಸಂಚಾರ'ವು ನಾಟಕಗಳನ್ನು ನಾಡಿನ ಊರೂರಿಗೆ ಕೊಂಡೊಯ್ದಿತು. ರಂಗಕಲೆಯೂ ಹಳ್ಳಿಯಲ್ಲಿ ಕುಳಿತು ಕಲಿಯತಕ್ಕ ವಿದ್ಯೆಯೆಂಬುದನ್ನು ಅದು ತೋರಿಸಿತು.

ಹಟ್ಟಿಯ ಕಂಠದಲ್ಲಿದ್ದ ಭಂಡಾರ

ಎಲ್ಲ ಗ್ರಂಥಗಳೂ ಓಲೆಯ ಮೇಲಿರುವುದಿಲ್ಲ. ಹಿರಿಯೂರು, ಚಳ್ಳಕೆರೆಗಳ ಸುತ್ತಣ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಎಂಬ ಉದ್ದನೆಯ ಕೊಳಲನ್ನು ನುಡಿಸುತ್ತ ಜುಂಜಪ್ಪನ ಕಥೆಯನ್ನು ಹಾಡುತ್ತಾರೆ. ದನ ಕಾಯ್ದು ದೈವವಾದ ವೀರನ ಕಥೆ ಅದು. ತೀ. ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಕುರಿತು ಪಾಂಡಿತ್ಯಪೂರ್ಣವಾದ ಅಧ್ಯಯನ ನಡೆಸಿದರು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಎಂಬಾಕೆ ಅಕ್ಷರ ಕಲಿತವಳಲ್ಲ. ಆದರೆ ಆಕೆಯ ನಾಲಗೆಯ ಮೇಲೆ ಸಾವಿರಾರು ಪದಗಳಿದ್ದುವು. ಕೃಷ್ಣಮೂರ್ತಿ ಹನೂರರು ಆಕೆಯ ಮುಂದೆ ಕುಳಿತು ಕೇಳಿ, ಬರೆದು, 'ಸಾವಿರದ ಸಿರಿಬೆಳಗು' ಎಂಬ ಸಂಗ್ರಹವನ್ನು ಹೊರತಂದರು.

ಸಿರಿಯಜ್ಜಿ ಈಗಿಲ್ಲ. ಹನೂರರು ಹತ್ತು ವರ್ಷ ತಡಮಾಡಿ ಹೋಗಿದ್ದರೆ? ಬಂಡೆಯ ಮೇಲಿನ ಶಾಸನ ಇನ್ನೊಬ್ಬ ವಿದ್ವಾಂಸನಿಗಾಗಿ ನೂರು ವರ್ಷ ಕಾದೀತು; ಹಾಡುವ ಕಂಠ ಕಾಯುವುದಿಲ್ಲ. ಜಾನಪದ ಸಂಶೋಧಕನಿಗೆ ಇರುವ ಅವಸರ ಬೇರಾವ ವಿದ್ವಾಂಸನಿಗೂ ಇರಲಾರದು.

ನೀರು, ಬೆಳೆ, ಗಾಳಿ

ಇಷ್ಟು ಹೇಳಿದ ಬಳಿಕ, "ಹೊಟ್ಟೆಗೆ ಬರುವ ವಿದ್ಯೆಯ ಮಾತೇನು?" ಎಂದು ವಾಚಕರು ಕೇಳಿಯಾರು. ಅದಕ್ಕೂ ಈ ಸೀಮೆಯಲ್ಲಿ ಕೊರತೆಯಿಲ್ಲ. ಹೊಸದುರ್ಗದ ಮಗ್ಗುಲಲ್ಲಿ ಹರಿದು ಬರುವ ವೇದಾವತಿಗೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟಿಗೆ ಮಹಾರಾಣಿಯವರ ನೆನಪಿನಲ್ಲಿ ವಾಣೀವಿಲಾಸ ಸಾಗರವೆಂದು ಹೆಸರು. ಎರಡು ಬೆಟ್ಟಗಳ ನಡುವಣ ಕಿರಿದಾದ ಕಣಿವೆಯನ್ನು ಗುರುತಿಸಿ ಅಲ್ಲಿ ಗೋಡೆ ಕಟ್ಟಿದ ಇಂಜಿನಿಯರರ ಕಣ್ಣು ಮೆಚ್ಚತಕ್ಕದ್ದೇ. ಆದರೆ ಗೋಡೆ ಕಟ್ಟುವುದು ಮನುಷ್ಯನ ಕೈಯಲ್ಲಿದೆ, ಮಳೆ ತರಿಸುವುದು ಇಲ್ಲ. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಈ ಸಾಗರ 1933ರಲ್ಲಿ ಮೊದಲ ಬಾರಿಗೆ ಕೋಡಿ ಬಿದ್ದಿತು. ಎರಡನೆಯ ಬಾರಿ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ! ಅದೂ ಭದ್ರೆಯ ನೀರನ್ನು ಎತ್ತಿ ತಂದು ಸೇರಿಸಲು ತೊಡಗಿದ ಮೇಲೆ, ಒಳ್ಳೆಯ ಮಳೆಯ ವರ್ಷದಲ್ಲಿ. ಶತಮಾನಕ್ಕೂ ಮಿಕ್ಕಿದ ಈ ನೀರಿನ ಲೆಕ್ಕ ಹವಾಮಾನವನ್ನು ಅಭ್ಯಸಿಸುವವನಿಗೆ ಯಾವ ಶಾಸನಕ್ಕೂ ಕಡಿಮೆಯಲ್ಲ.

ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಶೋಧನಾ ಕೇಂದ್ರವಿದೆ. ಕಡಿಮೆ ಮಳೆಯ ಈ ನೆಲಕ್ಕೆ ಒಗ್ಗುವ ಬೆಳೆ, ಬಿತ್ತನೆ, ತೇವವನ್ನು ಉಳಿಸುವ ಉಪಾಯ ಇವೇ ಇಂಥ ಕೇಂದ್ರದ ವಿಷಯಗಳು. ಇಲ್ಲಿಯ ಒಂದು ಪ್ರಯೋಗಕ್ಕೆ ಒಂದು ಮಳೆಗಾಲ ಬೇಕು. ಮಳೆ ಕೈಕೊಟ್ಟರೆ ಮುಂದಿನ ವರ್ಷದವರೆಗೆ ಕಾಯಬೇಕು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳು ಕಟ್ಟಿದ ಅನಾಥ ಸೇವಾಶ್ರಮವು ಯೋಗ, ಆಯುರ್ವೇದಗಳ ಶಿಕ್ಷಣಕ್ಕೆ ಹೆಸರಾಯಿತು. ಇನ್ನು ದುರ್ಗದ ಗಾಳಿಯೂ ವ್ಯರ್ಥವಾಗಲಿಲ್ಲ. ಹವಾಮಾನ ವಿಜ್ಞಾನಿ ಅನ್ನಾ ಮಣಿಯವರ ನೇತೃತ್ವದಲ್ಲಿ ದೇಶದ ನೂರಾರು ಕಡೆಗಳಲ್ಲಿ ಗಾಳಿಯ ವೇಗವನ್ನು ತಾಳ್ಮೆಯಿಂದ ಅಳೆದಿಟ್ಟರು. ಅಂಥ ಲೆಕ್ಕದ ಬಲದಿಂದಲೇ ಯಾವ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಬೇಕೆಂಬುದು ತಿಳಿಯುವುದು. ಇಂದು ದುರ್ಗದ ಜೋಗಿಮಟ್ಟಿಯ ಕಡೆಯ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ರೆಕ್ಕೆಗಳು ಬೆಂಗಳೂರಿನ ದಾರಿಹೋಕರಿಗೆಲ್ಲ ಪರಿಚಿತ. ಅದೇ ಜೋಗಿಮಟ್ಟಿಯ ಕಾಡು 2015ರಲ್ಲಿ ವನ್ಯಜೀವಿಧಾಮವೆನಿಸಿತು. ಕರಡಿ, ಕೊಂಡಕುರಿಗಳನ್ನು ಅಭ್ಯಸಿಸುವವರಿಗೂ ಅಲ್ಲಿ ಕೆಲಸವಿದೆ.

ಹುಲ್ಲುಗಾವಲಿನಿಂದ ಚಂದ್ರಲೋಕಕ್ಕೆ

ಹಿರಿಯೂರಿನಿಂದ ಉತ್ತರಕ್ಕೆ ಹೊರಟರೆ ಚಳ್ಳಕೆರೆ. ಅಲ್ಲಿಯ ವಿಶಾಲವಾದ ಕಾವಲುಗಳು ಹಿಂದೆ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದುವು. ಮೈಸೂರಿನ ಸೈನ್ಯದ ತೋಪುಗಳನ್ನು ಎಳೆದ ತಳಿಯದು. ಈ ಬಯಲುಗಳಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೂ, ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವೂ ಇವೆ. ಪರೀಕ್ಷಾ ಕ್ಷೇತ್ರ 2017ರಲ್ಲಿ ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರೊಂದು ರೆಕ್ಕೆಯುಳ್ಳ ವಾಹನವನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಚಾಲಕನಿಲ್ಲದ ಆ ವಾಹನ ತಾನಾಗಿಯೇ ದಾರಿ ಕಂಡುಕೊಂಡು ಓಡುದಾರಿಯ ಮೇಲೆ ಇಳಿಯಿತು. 2024ರಲ್ಲಿ ಇನ್ನೆರಡು ಬಾರಿ ಇದೇ ಪ್ರಯೋಗ ಗೆದ್ದಿತು. ಅಂತರಿಕ್ಷಕ್ಕೆ ಹೋಗಿ ಬಂದು ಮತ್ತೆ ಹೋಗಬಲ್ಲ ವಾಹನಕ್ಕೆ ಇದು ಪೀಠಿಕೆ.

ಅಲ್ಲಿಯೇ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಸಂಸ್ಥೆಯವರು ಚಂದ್ರನ ಮೈಯಂತೆ ಕುಳಿಗಳನ್ನು ತೋಡಿ, ಇಳಿಯುವ ನೌಕೆಯ ಯಂತ್ರಗಳ ಕಣ್ಣನ್ನು ಪರೀಕ್ಷಿಸಿದರು. ಸ್ವಾರಸ್ಯವೆಂದರೆ, ಬೆಂಗಳೂರಿನಲ್ಲಿ ಚಂದ್ರನ ಮಣ್ಣನ್ನು ಹೋಲುವ ಪುಡಿ ಬೇಕಾದಾಗ ಅದಕ್ಕೆ ತಕ್ಕ ಶಿಲೆ ತಮಿಳುನಾಡಿನ ಸಿತ್ತಂಪೂಂಡಿಯಲ್ಲಿದೆಯೆಂದು ತಿಳಿದದ್ದು ಭೂವಿಜ್ಞಾನಿಗಳ ಹಳೆಯ ಅಧ್ಯಯನದಿಂದ. ಯಾರೋ ಹಿಂದೊಮ್ಮೆ, ಯಾವ ಲಾಭವನ್ನೂ ಎಣಿಸದೆ ಒಂದು ಬಿಳಿಯ ಬಂಡೆಯನ್ನು ವರ್ಣಿಸಿಟ್ಟಿದ್ದರು. ಅದು ಚಂದ್ರಯಾನಕ್ಕೆ ಒದಗಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದಾಗ ದೇಶವೆಲ್ಲ ಸಂಭ್ರಮಿಸಿತು. ಆ ಸಂಭ್ರಮದಲ್ಲಿ ಉಳ್ಳಾರ್ತಿಯ ಕುಳಿಗಳಿಗೂ ಒಂದು ಪಾಲಿದೆ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಸಾವಿರಾರು ಎಕರೆ ಕಾವಲು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹೋದಾಗ, ಆ ಹುಲ್ಲನ್ನು ನಂಬಿ ಕುರಿ, ದನ ಸಾಕುತ್ತಿದ್ದ ಹಳ್ಳಿಗರು ಬೇಲಿಯ ಹೊರಗೆ ನಿಂತರು. ಈ ದೂರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಕಾವಲಿನ ಹುಲ್ಲು, ಅಲ್ಲಿಯ ಹಕ್ಕಿ, ಅಲ್ಲಿ ಮೇಯುವ ತಳಿ, ಆ ತಳಿಯನ್ನು ಕುರಿತ ಹಾಡು ಇವೆಲ್ಲವೂ ಒಂದೇ ಬದುಕಿನ ಎಳೆಗಳು. ಪ್ರಯೋಗಶಾಲೆಯ ಲೆಕ್ಕದಲ್ಲಿ ಬಂಜರೆಂದು ಕಾಣುವ ನೆಲ, ಸಸ್ಯವಿಜ್ಞಾನಿಯ ಕಣ್ಣಿಗೂ ಗೊಲ್ಲನ ಕಣ್ಣಿಗೂ ಬಂಜರಲ್ಲ. ಇದನ್ನು ಎತ್ತಿ ಹೇಳಬೇಕಾದವರೂ ಸಂಶೋಧಕರೇ. ಸಮಾಜಶಾಸ್ತ್ರ, ಜಾನಪದ, ಪರಿಸರವಿಜ್ಞಾನಗಳನ್ನು ಓದಿದವರು ಇಲ್ಲದಿದ್ದರೆ ಈ ಮಾತನ್ನು ತೂಕವಾಗಿ ಹೇಳುವವರೇ ಇರುವುದಿಲ್ಲ.

ಕಳೆದುಹೋಗುವ ಸಾಕ್ಷ್ಯ

ಈಗ ಮೊದಲಿನ ಪ್ರಶ್ನೆಗೆ ಬರೋಣ: "ಅದರಿಂದೇನು ಪ್ರಯೋಜನ?" ದುರ್ಗದ ಸೀಮೆ ಕೊಡುವ ಉತ್ತರ ಸ್ಪಷ್ಟವಾಗಿದೆ. ಯಾವ ವಿದ್ಯೆ ಎಂದು, ಯಾರಿಗೆ ಒದಗೀತೆಂಬುದನ್ನು ಮುಂಚಿತವಾಗಿ ಹೇಳಲು ಯಾರಿಂದಲೂ ಆಗದು. ಗಣಿ ಇಂಜಿನಿಯರಿನಿಂದ ಅಶೋಕನ ಹೆಸರು ಸಿಕ್ಕಿತು; ಇಂಗಾಲದ ಪರಮಾಣುವಿನಿಂದ ಕಲ್ಲುಕೊಡಲಿಯ ಜನರ ಕಾಲ ತಿಳಿಯಿತು; ರೋಮಿನ ನಾಣ್ಯದಿಂದ ಮಡಕೆಯ ಚೂರಿಗೆ ವಯಸ್ಸು ಬಂತು; ಹಳೆಯ ಶಿಲಾವರ್ಣನೆಯಿಂದ ಚಂದ್ರನೌಕೆಗೆ ಕಾಲೂರುವ ಅಭ್ಯಾಸವಾಯಿತು. ವಿಜ್ಞಾನ ಬೇರೆ, ಮಾನವಿಕ ಶಾಸ್ತ್ರಗಳು ಬೇರೆ ಎಂದು ನಾವು ಕಾಲೇಜಿನ ಕಟ್ಟಡಗಳನ್ನು ವಿಂಗಡಿಸಿದ್ದೇವೆ. ನೆಲ ಹಾಗೆ ವಿಂಗಡಿಸಿಲ್ಲ. ಭೂವಿಜ್ಞಾನಿಯೂ ಶಾಸನತಜ್ಞನೂ ಜಾನಪದ ವಿದ್ವಾಂಸನೂ ಮಾಡುತ್ತಿರುವುದು ಒಂದೇ ಕೆಲಸ: ತಾವು ಕಣ್ಣಾರೆ ಕಾಣದುದನ್ನು ಉಳಿದಿರುವ ಗುರುತಿನಿಂದ ತಿಳಿದುಕೊಳ್ಳುವುದು, ತಿಳಿದುದನ್ನು ಇನ್ನೊಬ್ಬರು ಪರೀಕ್ಷಿಸಿ ತಿದ್ದಲು ಬಿಟ್ಟುಕೊಡುವುದು.

ಆದರೆ ಗುರುತು ಉಳಿದಿದ್ದರೆ ತಾನೆ? ಭೀಮಸಮುದ್ರ, ಹೊಳಲ್ಕೆರೆಗಳ ಕಡೆಯ ಕಬ್ಬಿಣದ ಅದಿರು ಗಣಿಗಾರನಿಗೆ ಸಂಪತ್ತು, ಪ್ರಾಚೀನ ಸಾಗರದ ರಸಾಯನವನ್ನು ಓದುವವನಿಗೆ ಪುಸ್ತಕ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಬೆನ್ನಲ್ಲೇ ಚಿತ್ರದುರ್ಗ, ತುಮಕೂರುಗಳ ಗಣಿಗಾರಿಕೆಯನ್ನೂ ಕೆಲಕಾಲ ತಡೆಯಬೇಕಾಯಿತು. ಬಂಡೆ ಜಲ್ಲಿಯಾದರೆ ಅದರಲ್ಲಿದ್ದ ಬರಹ ಹೋಯಿತು. ಓಲೆ ಗೆದ್ದಲಿಗೆ ಬಿದ್ದರೆ ಒಂದು ಊರಿನ ನೆನಪು ಹೋಯಿತು. ಅಜ್ಜಿ ತೀರಿಕೊಂಡರೆ ಸಾವಿರ ಪದಗಳು ಹೋದುವು. ಮತ್ತೆ ತರುವ ಯಂತ್ರವನ್ನು ಯಾವ ವಿಜ್ಞಾನಿಯೂ ಕಂಡುಹಿಡಿದಿಲ್ಲ.

ಇಷ್ಟು ಬಗೆಯ ಸಾಕ್ಷ್ಯಗಳನ್ನು ಓದಲು ಇಷ್ಟು ಬಗೆಯ ಓದುಗರು ಬೇಕು. ಮನೆಯ ಮಕ್ಕಳೆಲ್ಲರೂ ಒಂದೇ ಪುಸ್ತಕವನ್ನು ಓದಲು ಹೊರಟರೆ ಮಿಕ್ಕ ಪುಸ್ತಕಗಳನ್ನು ತೆರೆಯುವವರಾರು? ಕಲ್ಲನ್ನು ಕಂಡು ನಿಂತು ನೋಡುವ ಹುಡುಗಿಯನ್ನೂ, ಅಜ್ಜಿಯ ಹಾಡಿಗೆ ಕಿವಿಗೊಡುವ ಹುಡುಗನನ್ನೂ "ಕೆಲಸಕ್ಕೆ ಬಾರದ್ದು" ಎಂದು ಎಬ್ಬಿಸಿ ಕಳುಹಿಸುವ ಮುನ್ನ ಹಿರಿಯರು ಒಂದು ಕ್ಷಣ ಯೋಚಿಸಬೇಕು. ಮುಂದಿನ ಸಲ ದುರ್ಗದ ಕಡೆಗೆ ಪ್ರಯಾಣ ಮಾಡುವಾಗ ಬಸ್ಸಿನ ಪರದೆಯನ್ನು ಸರಿಸಿ, ಆ ಕಪ್ಪು ಬಂಡೆಗಳನ್ನೂ ಕೋಟೆಯನ್ನೂ ಬಯಲನ್ನೂ ಮಕ್ಕಳಿಗೆ ತೋರಿಸಿ. ಅವರು ಕೇಳುವ ಪ್ರಶ್ನೆಗಳಲ್ಲಿ ನಮಗೆ ಉತ್ತರ ತಿಳಿಯದ ಒಂದಾದರೂ ಇರುತ್ತದೆ. ಸಂಶೋಧನೆ ಆರಂಭವಾಗುವುದು ಅಲ್ಲಿಂದಲೇ.